ಕಾಲ್ಚೆಂಡಾಟದ ಕೆಳ ಲೀಗ್: ಆಟವುಂಟು, ನೌಕರಿಯಿಲ್ಲ

ಪೈಠಣ: ಗೋದಾವರಿ ದಂಡೆಯ ಪೈಠಣವೆಂದರೆ ಕನ್ನಡಿಗರಿಗೆ ನೆನಪಾಗುವುದು ಶಾತವಾಹನರ ರಾಜಧಾನಿ, ಸಂತ ಏಕನಾಥರು ಮತ್ತು ಪೈಠಣಿ ಸೀರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡ ನಾಡಿನ ಉತ್ತರದ ಎಲ್ಲೆಯೆಂದು ಹೆಸರಿಸಿದ್ದೂ ಇದೇ ನದಿಯನ್ನು. ಆದರೆ ಕಾಲ್ಚೆಂಡಾಟದ ಭೂಪಟದಲ್ಲಿ ಪೈಠಣ, ಛತ್ರಪತಿ ಸಂಭಾಜಿನಗರ ಸೇರಿದಂತೆ ಮರಾಠವಾಡದ ಜಾಗ ಖಾಲಿಯಾಗಿಯೇ ಇದೆ. ದೇಶದ ಮೇಲಿನ ಎರಡು ದರ್ಜೆಯ ಲೀಗ್‌ಗಳಲ್ಲಿ ಈ ಭಾಗದ ಕ್ಲಬ್ ಆಡಿದ್ದಿಲ್ಲ. ಇಲ್ಲಿನ ಹುಡುಗ ಚೆಂಡನ್ನೇ ಕಸುಬಾಗಿ ನಂಬಿದರೆ ಮುಂಬಯಿ, ಪುಣೆ ಇಲ್ಲವೇ ತಾಯ್ನಾಡಿನ ಬೆಂಗಳೂರಿನ ದಾರಿ ಹಿಡಿಯಬೇಕು. ಆ ದಾರಿಯ ಕೊನೆಯಲ್ಲಿ ಏನಿದೆ ಎಂಬುದನ್ನು ಹೊರನಾಡ ಕನ್ನಡಿಗ ಪಾಲಕರು ಮೊದಲೇ ಅರಿತಿರುವುದು ಒಳ್ಳೆಯದು.

ಈ ಮಾತಿಗೆ ಕಾರಣವಿದೆ. 2025ರ ಡಿಸೆಂಬರ್ 14ರಂದು ಲಿಯೊನೆಲ್ ಮೆಸ್ಸಿ ಮುಂಬಯಿಯ ವಾಂಖೆಡೆ ಕ್ರೀಡಾಂಗಣಕ್ಕೆ ಬಂದಾಗ ಮಹಾರಾಷ್ಟ್ರ ಸರ್ಕಾರದ 'ಪ್ರಾಜೆಕ್ಟ್ ಮಹಾದೇವಾ' ಯೋಜನೆಗೆ ಚಾಲನೆ ದೊರೆಯಿತು. 13 ವರ್ಷದೊಳಗಿನ 60 ಬಾಲಕ ಬಾಲಕಿಯರನ್ನು ಆಯ್ದು ಐದು ವರ್ಷ ವಿದ್ಯಾರ್ಥಿವೇತನ, ತರಬೇತಿ ನೀಡುವ ಯೋಜನೆಯಿದು. ಸ್ವಾಗತಾರ್ಹ ಹೆಜ್ಜೆ ಎಂಬುದರಲ್ಲಿ ಎರಡು ಮಾತಿಲ್ಲ. ವಿಪರ್ಯಾಸವೆಂದರೆ, ಅದೇ ಹೊತ್ತಿಗೆ ದೇಶದ ಅತ್ಯುನ್ನತ ಲೀಗ್ ಆದ ಐಎಸ್‌ಎಲ್ ಸ್ತಬ್ಧವಾಗಿತ್ತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ಮತ್ತು ಲೀಗ್ ನಡೆಸುತ್ತಿದ್ದ ಸಂಸ್ಥೆಯ ನಡುವಿನ ಒಪ್ಪಂದ ಅದೇ ಡಿಸೆಂಬರ್ 8ಕ್ಕೆ ಮುಗಿದಿತ್ತು. ಋತುವನ್ನು ಜುಲೈಯಲ್ಲೇ ತಡೆಹಿಡಿಯಲಾಗಿತ್ತು. ಬೆಂಗಳೂರು ಎಫ್‌ಸಿಯಂತಹ ಪ್ರತಿಷ್ಠಿತ ಕ್ಲಬ್ ಆಗಸ್ಟ್‌ನಲ್ಲಿ ಮೊದಲ ತಂಡದ ಆಟಗಾರರ ಸಂಬಳವನ್ನೇ ಅನಿರ್ದಿಷ್ಟ ಕಾಲ ನಿಲ್ಲಿಸಿತು. ಕಡೆಗೆ 2026ರ ಫೆಬ್ರವರಿ 14ರಂದು ಮೊಟಕುಗೊಂಡ ಲೀಗ್ ಆರಂಭವಾಯಿತು. ಸುನಿಲ್ ಛೆಟ್ರಿಯಂತಹ ಆಟಗಾರನ ಕ್ಲಬ್ಬಿನ ಪಾಡೇ ಇದಾದರೆ, ಎರಡು ಮೆಟ್ಟಿಲು ಕೆಳಗೆ ಆಡುವವನ ಪಾಡೇನು?

ಐದು ತಿಂಗಳ ದುಡಿಮೆ

ಐಎಸ್‌ಎಲ್ ಕೆಳಗೆ ಐ-ಲೀಗ್, ಅದರ ಕೆಳಗೆ ಐ-ಲೀಗ್ 2, 2023ರಲ್ಲಿ ಆರಂಭವಾದ ಐ-ಲೀಗ್ 3, ಅದಕ್ಕೂ ಕೆಳಗೆ ರಾಜ್ಯ ಹಾಗೂ ನಗರ ಲೀಗ್‌ಗಳು - ಹೀಗೆ 2024-25ರಲ್ಲಿ ಏಣಿ ಇಳಿಯುತ್ತಿತ್ತು. 2024-25ರ ಐ-ಲೀಗ್‌ನಲ್ಲಿ 12 ತಂಡಗಳಿದ್ದವು. ಪ್ರತಿ ತಂಡಕ್ಕೆ 22 ಪಂದ್ಯ. ನವೆಂಬರ್ ಕೊನೆಗೆ ಆರಂಭವಾದ ಆಟ ಏಪ್ರಿಲ್ ಮೊದಲ ವಾರಕ್ಕೆ ಮುಗಿಯಿತು. ಅಂದರೆ ಐದು ತಿಂಗಳೂ ತುಂಬಲಿಲ್ಲ. ಉಳಿದ ತಿಂಗಳುಗಳಲ್ಲಿ ಆಟಗಾರ ನಗರ ಲೀಗ್, ಆಹ್ವಾನಿತ ಪಂದ್ಯಾವಳಿಗಳನ್ನು ಹುಡುಕಿಕೊಂಡು ಹೋಗಬೇಕು. ಕರಾರು ಬಹುಪಾಲು ಒಂದೇ ಋತುವಿನದು. ಕ್ಲಬ್ ಕೆಳಗಿಳಿದರೆ ಕರಾರೂ ಅದರೊಂದಿಗೇ ಜಾರುತ್ತದೆ. ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು 2023-24ರಲ್ಲಿ ಐ-ಲೀಗ್ 2 ಗೆದ್ದು ಮೇಲೇರಿತು. ಒಂದೇ ವರ್ಷದಲ್ಲಿ ಮತ್ತೆ ಕೆಳಗಿಳಿಯಿತು.

ಇದರಲ್ಲಿ ಹೆಚ್ಚು ಪೆಟ್ಟು ತಿನ್ನುವವನು ಮಿಡ್‌ಫೀಲ್ಡರ್, ಅಂದರೆ ಮಧ್ಯ ಮೈದಾನದ ಆಟಗಾರ. ಮುಂಪಡೆಯವನಿಗೆ ತೋರಿಸಲು ಗೋಲುಗಳಿವೆ, ಗೋಲ್‌ಕೀಪರಿಗೆ ತಡೆದ ಚೆಂಡುಗಳಿವೆ. ಎದುರಾಳಿಯ ಕಾಲಿನಿಂದ ಚೆಂಡು ಕಸಿದು ಸರಿಯಾದ ಹೊತ್ತಿಗೆ ದಾಟಿಸುವವನ ಹೆಸರು ಅಂಕಪಟ್ಟಿಯಲ್ಲಿ ಬರುವುದಿಲ್ಲ. ಪೂರ್ತಿ 90 ನಿಮಿಷ ಕುಳಿತು ನೋಡಿದವನಿಗಷ್ಟೇ ಆತನ ಬೆಲೆ ತಿಳಿಯುತ್ತದೆ. ಕೆಳ ಲೀಗ್‌ಗಳ ಪಂದ್ಯಗಳನ್ನು ಹಾಗೆ ನೋಡುವವರು ಎಷ್ಟು ಮಂದಿ?

ಚಾಪ್ಮನ್ ನಡೆದ ದಾರಿ

ಕನ್ನಡ ನಾಡು ಕಂಡ ಶ್ರೇಷ್ಠ ಮಿಡ್‌ಫೀಲ್ಡರ್‌ಗಳಲ್ಲಿ ಒಬ್ಬರಾದ ಬೆಂಗಳೂರಿನ ಕಾರ್ಲ್‌ಟನ್ ಚಾಪ್ಮನ್ ಅವರ ಬದುಕು ಈ ದಾರಿಯ ಎರಡೂ ಮುಖಗಳನ್ನು ತೋರಿಸುತ್ತದೆ. 1971ರಲ್ಲಿ ಜನಿಸಿದ ಅವರು ಬೆಂಗಳೂರಿನ ಸಾಯ್ ಕೇಂದ್ರದಲ್ಲಿ ಪಳಗಿ, ಸದರ್ನ್ ಬ್ಲೂಸ್ ಪರ ಆಡಿ, 1990ರಲ್ಲಿ ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. 1993ರಲ್ಲಿ ಈಸ್ಟ್ ಬೆಂಗಾಲ್ ಪರವಾಗಿ ಇರಾಕಿನ ಅಲ್ ಜವ್ರಾ ವಿರುದ್ಧ ಹ್ಯಾಟ್ರಿಕ್ ಗೋಲು ಬಾರಿಸಿ ದೇಶದ ಗಮನ ಸೆಳೆದರು. ಜೆಸಿಟಿ ತಂಡದೊಂದಿಗೆ 1996-97ರ ಮೊದಲ ರಾಷ್ಟ್ರೀಯ ಲೀಗ್ ಗೆದ್ದರು. ಅವರ ನಾಯಕತ್ವದಲ್ಲಿ ಭಾರತ 1997ರ ಸ್ಯಾಫ್ ಕಪ್ ಎತ್ತಿತು. 2000-01ರಲ್ಲಿ ನಾಯಕನಾಗಿ ಈಸ್ಟ್ ಬೆಂಗಾಲ್‌ಗೆ ರಾಷ್ಟ್ರೀಯ ಲೀಗ್ ಗೆಲ್ಲಿಸಿಕೊಟ್ಟು, ಮೂವತ್ತರ ಹರೆಯದಲ್ಲೇ ಆಟ ನಿಲ್ಲಿಸಿದರು.

ಆ ಬಳಿಕದ ಕಥೆ ಹೆಚ್ಚಿನವರಿಗೆ ಗೊತ್ತಿಲ್ಲ. ಟಾಟಾ ಅಕಾಡೆಮಿಗೆ ತರಬೇತುದಾರರಾಗಿ ಮರಳಿದ ಅವರು ಮುಂದೆ ಶಿಲ್ಲಾಂಗಿನ ರಾಯಲ್ ವಾಹಿಂಗ್ದೋಹ್, ಕೋಲ್ಕತ್ತದ ಭವಾನಿಪುರದಂತಹ ಕ್ಲಬ್‌ಗಳನ್ನು ಪಳಗಿಸುತ್ತಾ ಊರಿಂದ ಊರಿಗೆ ಹೋದರು. 2020ರ ಅಕ್ಟೋಬರ್ 12ರಂದು 49ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಭಾರತ ತಂಡದ ನಾಯಕನಾಗಿದ್ದವರಿಗೇ ಆಟ ಮುಗಿದ ಮೇಲಿನ ಬದುಕು ಕೆಳ ದರ್ಜೆಯ ಕ್ಲಬ್‌ಗಳ ಅಂಗಳದಲ್ಲಿ ಸವೆಯಿತು ಎಂಬುದು ಗಮನಾರ್ಹ.

ಕಾರ್ಖಾನೆಯ ನೆರಳು ಹೋಯಿತು

ಚಾಪ್ಮನ್ ಅವರ ಹಿಂದಿನ ತಲೆಮಾರಿನ ಆಟಗಾರನಿಗೆ ಇನ್ನೊಂದು ಆಸರೆಯಿತ್ತು. ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್. ಮುಂಬಯಿಯಲ್ಲಿ ಏರ್ ಇಂಡಿಯಾ, ರೈಲ್ವೆ, ಬ್ಯಾಂಕುಗಳು ತಂಡ ಕಟ್ಟಿ, ಆಟಗಾರನಿಗೆ ನೌಕರಿ ಕೊಡುತ್ತಿದ್ದವು. ಮೊಣಕಾಲು ಮುರಿದರೂ ಮೇಜು ಕುರ್ಚಿ ಉಳಿಯುತ್ತಿತ್ತು, ನಿವೃತ್ತಿಗೆ ಪಿಂಚಣಿ ಇರುತ್ತಿತ್ತು. ಎಚ್‌ಎಎಲ್ 2011-12ರಲ್ಲಿ ಐ-ಲೀಗ್‌ನಿಂದ ಕೆಳಗಿಳಿಯಿತು. 2013ರಲ್ಲಿ ಏರ್ ಇಂಡಿಯಾ ಹೊರಬಿತ್ತು.

ಅವುಗಳ ಜಾಗಕ್ಕೆ ಬಂದ ಖಾಸಗಿ ಕ್ಲಬ್‌ಗಳಾದರೂ ಉಳಿದವೇ? ಮಹಾರಾಷ್ಟ್ರದ ಲೆಕ್ಕವನ್ನೇ ನೋಡಬಹುದು. 2005-06ರ ರಾಷ್ಟ್ರೀಯ ಲೀಗ್ ಗೆದ್ದ ಮಹೀಂದ್ರಾ ಯುನೈಟೆಡ್ 2010ರಲ್ಲಿ ಮುಚ್ಚಿತು. ಪುಣೆಯ ಭಾರತ್ ಎಫ್‌ಸಿ ಆಡಿದ್ದು 2014-15ರ ಒಂದೇ ಋತು. 2007ರಲ್ಲಿ ಹುಟ್ಟಿದ ಪುಣೆ ಎಫ್‌ಸಿ, ಮುಂಬಯಿ ಎಫ್‌ಸಿ ಎರಡೂ ಹೆಚ್ಚು ಕಾಲ ಬಾಳಲಿಲ್ಲ. ಡಿಎಸ್‌ಕೆ ಶಿವಾಜಿಯನ್ಸ್, ಎಫ್‌ಸಿ ಪುಣೆ ಸಿಟಿ ಕೂಡ ಅದೇ ದಾರಿ ಹಿಡಿದವು. ಮುಂಬಯಿಯ ಕೆಂಕ್ರೆ ಎಫ್‌ಸಿ 2022-23ರಲ್ಲಿ ಐ-ಲೀಗ್‌ನಿಂದ ಕೆಳಗಿಳಿಯಿತು. ಪ್ರತಿ ಬಾರಿ ಬಾಗಿಲು ಮುಚ್ಚಿದಾಗಲೂ ಇಪ್ಪತ್ತೈದು ಮೂವತ್ತು ಆಟಗಾರರು ಹೊಸ ಅನ್ನದ ದಾರಿ ಹುಡುಕಬೇಕಾಗುತ್ತದೆ.

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಾಗ ಕನ್ನಡಿಗರೆಲ್ಲ ಹೆಮ್ಮೆಪಟ್ಟರು. ಹಿಂದಿನ ಗೆಲುವು 1968-69ರಲ್ಲಿ, ರಾಜ್ಯಕ್ಕೆ ಮೈಸೂರು ಎಂಬ ಹೆಸರಿದ್ದಾಗ ಬಂದಿತ್ತು. ಐಎಸ್‌ಎಲ್ ತಾರೆಯರಿಲ್ಲದ ಈ ಪಂದ್ಯಾವಳಿ ಕೆಳ ಲೀಗ್‌ನ ಹುಡುಗರ ದೊಡ್ಡ ವೇದಿಕೆ. ಕೇರಳ ಸರ್ಕಾರ ತನ್ನ 2018ರ ವಿಜೇತ ತಂಡದ ನಿರುದ್ಯೋಗಿ ಆಟಗಾರರಿಗೆ, ಪಶ್ಚಿಮ ಬಂಗಾಳ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಗೆದ್ದ ತಂಡಕ್ಕೆ ಸರ್ಕಾರಿ ನೌಕರಿ ಘೋಷಿಸಿದವು. ಚಪ್ಪಾಳೆ ಒಂದು ದಿನದ್ದು, ನೌಕರಿ ಬಾಳಿಗೆ ಆಗುವುದು ಎಂಬುದನ್ನು ಆ ಸರ್ಕಾರಗಳು ಅರಿತಿದ್ದವು.

ಸಂಘಗಳು ಏನು ಮಾಡಬಹುದು?

ಹಾಗೆಂದು ಮಕ್ಕಳ ಕಾಲಿಂದ ಚೆಂಡು ಕಸಿಯಬೇಕೆಂದಲ್ಲ. ಕಣ್ಣು ತೆರೆದು ಕಳುಹಿಸಬೇಕು. ಶಾಲೆ ಬಿಡಿಸುವ ಅಕಾಡೆಮಿಗಿಂತ ಓದು ಮುಂದುವರಿಸುವ ಅಕಾಡೆಮಿ ಮೇಲು. ಕರಾರಿಗೆ ಸಹಿ ಹಾಕುವ ಮುನ್ನ ಸಂಬಳದ ತಾರೀಕು, ಗಾಯವಾದರೆ ಚಿಕಿತ್ಸೆಯ ಖರ್ಚು, ಕ್ಲಬ್ ಮುಚ್ಚಿದರೆ ಬಾಕಿ ಹಣ ಇವು ಬರಹದಲ್ಲಿವೆಯೇ ಎಂದು ವಕೀಲರ ಕಣ್ಣಿಗೆ ಹಾಕಬೇಕು. ಬಾಕಿ ಉಳಿಸಿಕೊಂಡ ಕ್ಲಬ್ ವಿರುದ್ಧ ಫೆಡರೇಶನ್ನಿನ ಆಟಗಾರರ ಸ್ಥಾನಮಾನ ಸಮಿತಿಗೆ ದೂರು ಕೊಡಬಹುದು. ಆಟಗಾರರ ಸಂಘಟನೆಯಾಗಿ ಎಫ್‌ಪಿಎಐ 2006ರಲ್ಲೇ ಹುಟ್ಟಿದೆ. ಮಹಾರಾಷ್ಟ್ರದ ಸರ್ಕಾರಿ ನೇಮಕಾತಿಯಲ್ಲಿ ಅರ್ಹ ಕ್ರೀಡಾಪಟುಗಳಿಗೆ ಶೇ. 5 ಮೀಸಲಾತಿಯಿದೆ. ಅದಕ್ಕೆ ಬೇಕಾದ ಕ್ರೀಡಾ ಪ್ರಮಾಣಪತ್ರ, ಅಧಿವಾಸ ದಾಖಲೆಗಳನ್ನು ಹೊರನಾಡ ಕುಟುಂಬಗಳು ಮೊದಲೇ ಸರಿಪಡಿಸಿಕೊಳ್ಳಬೇಕು.

ಕನ್ನಡ ಸಂಘಗಳಲ್ಲಿ ವಕೀಲರಿದ್ದಾರೆ, ವೈದ್ಯರಿದ್ದಾರೆ, ಉದ್ಯಮಿಗಳಿದ್ದಾರೆ. ರಾಜ್ಯೋತ್ಸವದ ವೇದಿಕೆಯಲ್ಲಿ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುವ ಸನ್ಮಾನದ ಜತೆಗೆ, ಆಟ ನಿಂತ ಹುಡುಗನಿಗೆ ತಮ್ಮ ಹೋಟೆಲಿನಲ್ಲೋ ಕಾರ್ಖಾನೆಯಲ್ಲೋ ಒಂದು ಜಾಗ, ಅರ್ಧಕ್ಕೆ ನಿಂತ ಪದವಿಗೆ ಒಂದು ವರ್ಷದ ಶುಲ್ಕ ಕೊಡಲು ಸಂಘಗಳು ಮುಂದಾದರೆ ಅದೇ ದೊಡ್ಡ ಸನ್ಮಾನವಾದೀತು. ಸಂಘಗಳ ಪದಾಧಿಕಾರಿಗಳು ಮುಂದಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ತರಬೇಕಾದ ಅಗತ್ಯವಿದೆ.