ಮುಂದೆ ಕೊಳ್ಳುವವರ ಕಣ್ಣಿನಿಂದ ಮನೆ ನೋಡಿ

ಬೆಂಗಳೂರಿನ ಸರ್ಜಾಪುರ ರಸ್ತೆ, ದೇವನಹಳ್ಳಿಯ ಕಡೆಗಳಲ್ಲಿ ರೋ ಹೌಸ್‌ಗಳು ಸಾಲುಸಾಲಾಗಿ ಏಳುತ್ತಿವೆ. ಫ್ಲ್ಯಾಟು ಇಕ್ಕಟ್ಟೆನಿಸಿದವರಿಗೆ, ಸ್ವಂತ ನಿವೇಶನ ಕೊಂಡು ಕಟ್ಟಿಸುವ ಶಕ್ತಿ ಇಲ್ಲದವರಿಗೆ ಇದು ನಡುವಿನ ದಾರಿ. ಪಕ್ಕದ ಮನೆಯೊಂದಿಗೆ ಗೋಡೆ ಹಂಚಿಕೊಂಡು ಬಾಳುವುದು ನಮಗೆ ಹೊಸದಲ್ಲ. ಮೈಸೂರಿನ ಅಗ್ರಹಾರಗಳಲ್ಲೂ ಹಳೆಯ ಬೆಂಗಳೂರಿನ ವಠಾರಗಳಲ್ಲೂ ಜನ ಹಾಗೆಯೇ ಬದುಕಿದರು. ಈಗಿನವರು ಕೊಳ್ಳುವ ಮೊದಲೇ ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಹತ್ತು ವರ್ಷದ ಮೇಲೆ ಮಾರಿದರೆ ಎಷ್ಟು ಬಂದೀತು? ಕೇಳಬೇಕಾದ ಪ್ರಶ್ನೆಯೇ ಸರಿ. ಆದರೆ ಉತ್ತರಕ್ಕಾಗಿ ಹೆಚ್ಚಿನವರು ಮುಂದೆ ಬರಲಿರುವ ಮೆಟ್ರೊ, ಐಟಿ ಪಾರ್ಕ್, ವರ್ತುಲ ರಸ್ತೆಗಳ ಮಾತಿಗೆ ಕಿವಿಗೊಡುತ್ತಾರೆ. ಅವು ಯಾವಾಗ ಬಂದಾವೆಂದು ಯಾರೂ ಹೇಳಲಾರರು. ಮರುಮಾರಾಟದ ಬೆಲೆ ಕೊನೆಗೆ ನಿಲ್ಲುವುದು ಒಂದೇ ಸಂಗತಿಯ ಮೇಲೆ: ಆ ಮನೆಯನ್ನು ಎಷ್ಟು ಕುಟುಂಬಗಳು ಅಂಜಿಕೆಯಿಲ್ಲದೆ, ಬ್ಯಾಂಕಿನ ಸಾಲ ಪಡೆದು ಕೊಳ್ಳಬಲ್ಲವು? ಈ ಸಂಖ್ಯೆಯನ್ನು ಹಿಗ್ಗಿಸುವುದೇನು, ಕುಗ್ಗಿಸುವುದೇನು ಎಂಬುದನ್ನು ಇಂದೇ ನೋಡಿ ತಿಳಿಯಬಹುದು.

ಬೆಂಗಳೂರಿನಲ್ಲಿ ಜಾಗದ ಬೆಲೆ ಇಳಿದದ್ದುಂಟೇ, ಇಷ್ಟೆಲ್ಲ ಯೋಚನೆ ಯಾಕೆ ಎನ್ನುವವರಿದ್ದಾರೆ. ಅವರು ಲೆಕ್ಕವನ್ನು ಪೂರ್ತಿ ಹಾಕಿರುವುದಿಲ್ಲ. ಒಂದು ಕೋಟಿ ರೂಪಾಯಿಯ ಮನೆಗೆ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಅಲ್ಲಿಗೆ 7,60,000 ರೂಪಾಯಿ ಕೈಬಿಟ್ಟ ಹಾಗೆ. ಮನೆಯ ಬೆಲೆಯಲ್ಲಿ 80 ಲಕ್ಷವನ್ನು ಶೇ 8.5ರ ಬಡ್ಡಿಗೆ 20 ವರ್ಷದ ಸಾಲವಾಗಿ ತಂದರೆ ತಿಂಗಳ ಕಂತು ಸುಮಾರು 69,400 ರೂಪಾಯಿ. ಏಳು ವರ್ಷ ತಪ್ಪದೆ ಕಟ್ಟಿದವರು ಬ್ಯಾಂಕಿಗೆ ಕೊಟ್ಟದ್ದು 58 ಲಕ್ಷ. ಅಸಲಿನಲ್ಲಿ ತೀರಿದ್ದು 15 ಲಕ್ಷಕ್ಕಿಂತ ಕಡಿಮೆ. ಮಾರಿದಾಗ ಬಂದ ಲಾಭಕ್ಕೆ ತೆರಿಗೆಯೂ ಇದೆ: 2024ರ ಜುಲೈ 23ರಿಂದೀಚೆಗೆ ಕೊಂಡ ಮನೆಯನ್ನು ಎರಡು ವರ್ಷದ ಮೇಲೆ ಮಾರಿದರೆ ಶೇ 12.5, ಹಣದುಬ್ಬರವನ್ನು ಕಳೆದು ಲೆಕ್ಕ ಹಾಕುವ ಅನುಕೂಲ ಈಗಿಲ್ಲ. ಹೀಗಾಗಿ ಬೆಲೆ ಏರಿದರೂ ಮಾರುವವರ ಕೈಗೆ ಸಿಗುವುದು ಬೇರೆಯೇ ಮೊತ್ತ. ಕೊಳ್ಳಲು ಬಂದವರು ಇಬ್ಬರೇ ಇದ್ದು, ಮಾರುವವರಿಗೆ ತುರ್ತು ಇದ್ದರೆ ಅದೂ ಕರಗುತ್ತದೆ.

ಮನೆಯ ಬೆಲೆಯಲ್ಲಿ ವರ್ಷದಿಂದ ವರ್ಷಕ್ಕೆ ಏರುವುದು ನೆಲ, ಇಳಿಯುವುದು ಕಟ್ಟಡ. ಆದ್ದರಿಂದ ರೋ ಹೌಸ್ ಕೊಳ್ಳುವವರು ಮೊದಲು ಕೇಳಬೇಕಾದದ್ದು ಎಷ್ಟು ನೆಲ ನನ್ನ ಹೆಸರಿಗೆ ಬರುತ್ತದೆ, ಯಾವ ರೂಪದಲ್ಲಿ ಬರುತ್ತದೆ ಎಂದು. ನೋಡಲು ಒಂದೇ ತರಹ ಇರುವ ಎರಡು ಮನೆಗಳ ಕ್ರಯಪತ್ರ ಬೇರೆಬೇರೆ ಇರಬಹುದು. ಒಂದರಲ್ಲಿ ಅಳತೆ, ಚೆಕ್ಕುಬಂದಿ ಸಹಿತ ನಿವೇಶನವೇ ಕೊಳ್ಳುವವರ ಹೆಸರಿಗೆ ಬರುತ್ತದೆ. ಇನ್ನೊಂದರಲ್ಲಿ ಫ್ಲ್ಯಾಟಿನ ಹಾಗೆ ಮೂರು ಷೆಡ್ಯೂಲುಗಳಿರುತ್ತವೆ: ಎ ಷೆಡ್ಯೂಲಿನಲ್ಲಿ ಇಡೀ ಜಮೀನು, ಬಿ ಷೆಡ್ಯೂಲಿನಲ್ಲಿ ಅದರ ಅವಿಭಾಜ್ಯ ಪಾಲು, ಸಿ ಷೆಡ್ಯೂಲಿನಲ್ಲಿ ಕಟ್ಟಿದ ಮನೆ. ಮಾಲೀಕರು ನಿಂತ ನೆಲವೂ ಆಗ ಎಲ್ಲರ ಜಂಟಿ ಆಸ್ತಿ. ಮನೆ ಹಳೆಯದಾದಾಗ ಕೆಡವಿ ಕಟ್ಟುವ ತೀರ್ಮಾನ ಒಬ್ಬರದಾಗಿರುವುದಿಲ್ಲ. ಇದರಿಂದ ಮನೆಯೇನೂ ಕಳಪೆಯಾಗದು, ಆದರೆ ಅದಕ್ಕೆ ನಿವೇಶನದ ಬೆಲೆ ಕೊಡಬಾರದು. ಬಣ್ಣದ ಕರಪತ್ರದ ಹತ್ತು ಪುಟಗಳಿಗಿಂತ ಕರಡು ಕ್ರಯಪತ್ರದ ಬಿ ಷೆಡ್ಯೂಲಿನ ಒಂದು ಸಾಲು ಹೆಚ್ಚು ಹೇಳುತ್ತದೆ. ಮುಂಗಡ ಕೊಡುವ ಮೊದಲೇ ಅದನ್ನು ಓದಬೇಕು.

ನೆಲದ ನಂತರ ಕಾಗದಪತ್ರ. ಭೂಪರಿವರ್ತನೆಯ ಆದೇಶ, ಮಂಜೂರಾದ ನಕ್ಷೆ, ರೇರಾ ನೋಂದಣಿ, ಸ್ವಾಧೀನಾನುಭವ ಪತ್ರ, ಎ ಖಾತೆ: ಇವುಗಳಲ್ಲಿ ಯಾವುದೊಂದು ಇಲ್ಲದಿದ್ದರೂ ಕೊಳ್ಳಬಲ್ಲವರ ಸಾಲು ಚಿಕ್ಕದಾಗುತ್ತದೆ. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ಅದೇ ವರ್ಷ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್, ಸ್ವಾಧೀನಾನುಭವ ಪತ್ರವನ್ನು ಪರಿಶೀಲಿಸಿದ ಮೇಲೆಯೇ ಕಟ್ಟಡದ ಮೇಲೆ ಸಾಲ ಕೊಡಬೇಕೆಂದು ಬ್ಯಾಂಕುಗಳಿಗೆ ಹೇಳಿತು. ಹತ್ತು ವರ್ಷದ ಹಿಂದೆ ‘ನಡೆಯುತ್ತದೆ ಬಿಡಿ’ ಎನ್ನಿಸಿಕೊಂಡ ಕೊರತೆ ಇಂದು ನಡೆಯುತ್ತಿಲ್ಲ, ಇಂದು ನಡೆಯುವುದು ಹತ್ತು ವರ್ಷದ ಮೇಲೆ ನಡೆಯಲಾರದು. ಋಣಭಾರ ಪತ್ರ ನೋಡಿದರೆ ಸಾಕೆಂಬ ನಂಬಿಕೆಯೂ ತಪ್ಪು. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ; ನೋಂದಣಿಯಾಗದ ಉಯಿಲಾಗಲಿ ಪಾಲಿನ ತಕರಾರಾಗಲಿ ಅಲ್ಲಿ ಕಾಣದು. ಬಡಾವಣೆಯ ಒಳರಸ್ತೆ, ಉದ್ಯಾನ, ಕೊಳಚೆನೀರು ಶುದ್ಧೀಕರಣ ಘಟಕ ಯಾರ ಹೆಸರಿನಲ್ಲಿವೆ ಎಂಬುದನ್ನೂ ಕೇಳಬೇಕು. 2016ರ ರೇರಾ ಕಾಯ್ದೆಯ ಪ್ರಕಾರ ಅವನ್ನು ನಿವಾಸಿಗಳ ಸಂಘಕ್ಕೆ ಬಿಟ್ಟುಕೊಡುವುದು ಕಟ್ಟಿದವರ ಹೊಣೆ. ಬಿಟ್ಟುಕೊಡದಿದ್ದರೆ ಮನೆ ತಲುಪುವ ರಸ್ತೆಯೇ ಇನ್ನೊಬ್ಬರದಾಗಿ ಉಳಿಯುತ್ತದೆ.

ಕಾಗದದಷ್ಟೇ ತೂಕದ ಸಂಗತಿ ನೀರು, ಅದು ಬರುವ ದಾರಿ ಮತ್ತು ಹೋಗುವ ದಾರಿ ಎರಡೂ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆಯ ರೈನ್‌ಬೋ ಡ್ರೈವ್ ಬಡಾವಣೆ ಜಲಾವೃತವಾಗಿ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರಗೆ ಸಾಗಿಸಬೇಕಾಯಿತು. ಆ ಮನೆಗಳು ಅಗ್ಗದವಾಗಿರಲಿಲ್ಲ. ಕೆರೆಯಿಂದ ಕೆರೆಗೆ ರಾಜಕಾಲುವೆ ಹರಿಯುತ್ತಿದ್ದ ಊರಿನಲ್ಲಿ ತಗ್ಗು ಯಾವುದು, ದಿಬ್ಬ ಯಾವುದು ಎಂಬುದನ್ನು ಮರೆತು ಕಟ್ಟಿದರೆ ಹಣ ಕಾಯುವುದಿಲ್ಲ. ಹಳೆಯ ಗ್ರಾಮನಕ್ಷೆಯಲ್ಲಿ ಕಾಲುವೆಯ ಗೆರೆ ಎಲ್ಲಿ ಹಾದಿದೆ ಎಂದು ನೋಡಬೇಕು, ಜೋರು ಮಳೆಯ ಮರುದಿನ ಆ ಬೀದಿಯಲ್ಲಿ ನಡೆದಾಡಬೇಕು. 2024ರ ಬೇಸಿಗೆ ಇನ್ನೊಂದು ತುದಿಯನ್ನು ತೋರಿಸಿತು. ಕೊಳವೆಬಾವಿ ಬತ್ತಿದ ಬಡಾವಣೆಗಳು ಟ್ಯಾಂಕರ್‌ಗೆ ಕಾದು ಕೂತವು. ಆ ಅಕ್ಟೋಬರ್‌ನಲ್ಲಿ ಚಾಲನೆಗೊಂಡ ಕಾವೇರಿ ಐದನೇ ಹಂತ, ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ. ಯೋಜನೆ ನಗರಕ್ಕೆ ಬಂದರೆ ಸಾಲದು, ಸಂಪರ್ಕ ನಾವು ಕೊಳ್ಳುವ ಬೀದಿಗೆ ಬಂದಿರಬೇಕು.

ಮನೆಯ ಒಳಗಿನ ವಿಚಾರ ಇವುಗಳಿಗಿಂತ ಚಿಕ್ಕದು, ಆದರೂ ಲೆಕ್ಕಕ್ಕೆ ಬರುತ್ತದೆ. ಸಾಲಿನ ನಡುವಿನ ಮನೆಗೆ ಹಿಂದೆ ಮುಂದೆ ಮಾತ್ರ ಗಾಳಿ ಬೆಳಕು, ಕೊನೆಯ ಮನೆಗೆ ಮೂರು ಕಡೆ. ರೋ ಹೌಸ್ ಎಂದರೆ ಮೆಟ್ಟಿಲು. ಮಂಡಿನೋವಿನ ಹಿರಿಯರಿರುವ ಕುಟುಂಬ ಮೊದಲು ನೋಡುವುದು ನೆಲಮಹಡಿಯಲ್ಲಿ ಒಂದು ಕೋಣೆ, ಬಚ್ಚಲು ಇದೆಯೇ ಎಂದು. ಇದ್ದರೆ ಹಿರಿಯರ ಮನೆಯವರೂ ಕೊಳ್ಳಬಲ್ಲವರ ಸಾಲಿಗೆ ಸೇರುತ್ತಾರೆ. ನಕ್ಷೆಯಲ್ಲಿಲ್ಲದ ಕೋಣೆಯನ್ನು ಮಹಡಿಯ ಮೇಲೆ ಎಬ್ಬಿಸಿದರೆ, ಹಿತ್ತಿಲ ಸೆಟ್‌ಬ್ಯಾಕಿಗೆ ಚಾವಣಿ ಹೊದಿಸಿದರೆ ಜಾಗ ಹೆಚ್ಚಿದಂತೆ ಕಾಣುತ್ತದೆ, ಆದರೆ ಮುಂದಿನವರ ಬ್ಯಾಂಕಿನ ಇಂಜಿನಿಯರ್ ಅದನ್ನು ಉಲ್ಲಂಘನೆ ಎಂದೇ ಬರೆಯುತ್ತಾರೆ.

ಹೀಗೆ ಮರುಮಾರಾಟವನ್ನು ನೆನೆದು ಕೊಳ್ಳುವುದಕ್ಕೆ ಎರಡು ಗಟ್ಟಿ ಆಕ್ಷೇಪಗಳಿವೆ. ಮನೆ ಬಾಳುವುದಕ್ಕೆ, ಗೃಹಪ್ರವೇಶದ ದಿನವೇ ಮಾರುವ ಮಾತೇಕೆ ಎಂಬುದು ಒಂದು. ಈ ಭಾವನೆ ದೊಡ್ಡದು. ಆದರೆ ಮೇಲೆ ಹೇಳಿದ್ದನ್ನೆಲ್ಲ ಮತ್ತೊಮ್ಮೆ ನೋಡಿ: ಶುದ್ಧ ಹಕ್ಕು, ಬತ್ತದ ನೀರು, ನುಗ್ಗದ ಮಳೆ, ಬೆಳಕು, ಹಿರಿಯರಿಗೊಂದು ಕೋಣೆ. ಇವುಗಳಲ್ಲಿ ಬಾಳುವವರಿಗೆ ಬೇಡವಾದದ್ದು ಒಂದೂ ಇಲ್ಲ. ಎರಡನೆಯದು ಇನ್ನೂ ಕಠಿಣ: ಕಾಗದಪತ್ರ ಪಕ್ಕಾ ಇರುವ ಮನೆ ದುಬಾರಿ, ಬಿ ಖಾತೆಯ, ಅಂದರೆ ಮಂಜೂರಾತಿ ಪೂರ್ತಿ ಇಲ್ಲದ, ಅಗ್ಗದ ಮನೆಗಳಿಂದಲೇ ಅಲ್ಲವೇ ಸಾವಿರಾರು ಸಂಸಾರಗಳು ಈ ಊರಿನಲ್ಲಿ ಸೂರು ಕಂಡದ್ದು? ನಿಜ. ಯೋಜಿತ ನಿವೇಶನಗಳನ್ನು ಬೇಕಾದಷ್ಟು ಒದಗಿಸದ ಸರ್ಕಾರಗಳ ವೈಫಲ್ಯಕ್ಕೆ ಆ ಸಂಸಾರಗಳನ್ನು ದೂರುವುದು ಅನ್ಯಾಯ. 2025ರ ಕೊನೆಯಲ್ಲಿ ಬಿ ಖಾತೆ ನಿವೇಶನಗಳನ್ನು ಶುಲ್ಕ ಪಡೆದು ಎ ಖಾತೆಗೆ ಪರಿವರ್ತಿಸುವ ಕೆಲಸಕ್ಕೆ ಸರ್ಕಾರ ಕೈಹಾಕಿದ್ದು ಈ ಸತ್ಯವನ್ನು ಒಪ್ಪಿಕೊಂಡೇ. ಆದರೂ ಇಂದು ಹೊಸದಾಗಿ ಕೊಳ್ಳುವವರು ಒಂದು ಮಾತು ನೆನಪಿಡಬೇಕು: ಕೊಳ್ಳುವಾಗ ಸಿಕ್ಕ ರಿಯಾಯಿತಿಯನ್ನು ಮಾರುವಾಗ ಅವರೂ ಕೊಡಬೇಕಾಗುತ್ತದೆ. ಅಷ್ಟೇ ಹಣದಲ್ಲಿ ಚಿಕ್ಕದಾದರೂ ಹಕ್ಕು ಸ್ವಚ್ಛವಾಗಿರುವ ಮನೆ ಸಿಗುವುದಾದರೆ ಒಂದು ಕೋಣೆ ಬಿಟ್ಟುಕೊಡುವುದೇ ಲಾಭ.

ಹಾಗಾಗಿ ದಲ್ಲಾಳಿಗಳಿಗೆ ಕೇಳಬೇಕಾದ ಪ್ರಶ್ನೆಯನ್ನೇ ಬದಲಿಸೋಣ. ಹತ್ತು ವರ್ಷಕ್ಕೆ ಎಷ್ಟಾಗುತ್ತದೆ ಎಂದರೆ ಅವರು ಬಾಯಿಗೆ ಬಂದ ಅಂಕಿ ಹೇಳಿಯಾರು. ಈ ಮನೆಗೆ ಇಂದು ಯಾವ್ಯಾವ ಬ್ಯಾಂಕು ಸಾಲ ಕೊಡುತ್ತದೆ, ಕೊಡದ ಬ್ಯಾಂಕು ಯಾವ ಕಾರಣ ಹೇಳಿದೆ ಎಂದು ಕೇಳಿದರೆ ಉತ್ತರವನ್ನು ಬ್ಯಾಂಕಿಗೆ ಹೋಗಿ ಪರೀಕ್ಷಿಸಬಹುದು. ಕೊಟ್ಟ ಹಣದ ಜತೆಗೆ ಇಪ್ಪತ್ತು ವರ್ಷದ ದುಡಿಮೆಯನ್ನೂ ಅಡವಿಡುವ ಮಧ್ಯಮ ವರ್ಗದವರಿಗೆ, ಪರೀಕ್ಷಿಸಲು ಬರುವ ಉತ್ತರವನ್ನಷ್ಟೇ ನಂಬುವ ಹಕ್ಕಿದೆ. ಆ ಹಕ್ಕನ್ನು ಮುಂಗಡದ ಚೆಕ್ಕು ಬರೆಯುವ ಮೊದಲೇ ಚಲಾಯಿಸಬೇಕು.