ಆಕಾಶದ ವ್ಯಾಪಾರ, ನೆಲದ ಸಂಸಾರ

ಬೆಂಗಳೂರಿನ ಪಡುವಣ ಬಡಾವಣೆಗಳು ಬಹುಕಾಲದಿಂದ ಸಂಬಳವನ್ನು ನಂಬಿ ಬಾಳಿದಂಥವು. ರಾಜಾಜಿನಗರದ ಕೈಗಾರಿಕಾ ಪ್ರದೇಶವೂ, ಕಾರ್ಮಿಕರಿಗಾಗಿ ಅಲ್ಲಿ ಏರ್ಪಟ್ಟಿರುವ ಇ.ಎಸ್.ಐ. ಆಸ್ಪತ್ರೆಯೂ ಇದಕ್ಕೆ ಸಾಕ್ಷಿ. ತಂದೆಯು ಕಾರ್ಖಾನೆಯ ಕೂಗಿಗೆ ಎದ್ದು ಹೋಗುತ್ತಿದ್ದ ಮನೆಗಳಿಂದಲೇ ಈಗ ಮಗನೋ ಮಗಳೋ ನಡುರಾತ್ರಿಯಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೊರಡುವುದುಂಟು. ಆದುದರಿಂದ ವಿಮಾನ ಕಂಪೆನಿಗಳಲ್ಲಿ ಒಡೆಯರಿಗೂ ನೌಕರರಿಗೂ ಇರುವ ಸಂಬಂಧವೆಂತಹುದು, ಅದರಿಂದ ವ್ಯಾಪಾರಕ್ಕೆ ಒದಗುವ ಲಾಭನಷ್ಟಗಳೇನು ಎಂಬ ವಿಚಾರವು ಸಂಸಾರಸ್ಥರಿಗೆ ಹೊರಗಿನದಲ್ಲ. ಈ ತಿಂಗಳು ಅದನ್ನೇ ವಾಚಕರ ಮುಂದಿಡುತ್ತೇವೆ.

ಮೊದಲು ಈ ವ್ಯಾಪಾರದ ಸ್ವಭಾವವನ್ನು ತಿಳಿಯಬೇಕು. ವಿಮಾನವು ಹಾರುತ್ತಿರುವಾಗ ಮಾತ್ರ ಸಂಪಾದಿಸುತ್ತದೆ. ನಿಂತಾಗ ಬಾಡಿಗೆಯನ್ನೂ ಬಡ್ಡಿಯನ್ನೂ ತಿನ್ನುತ್ತದೆ. ಎಣ್ಣೆಯ ಬೆಲೆಯಾಗಲಿ ಡಾಲರಿನ ಬೆಲೆಯಾಗಲಿ ಒಡೆಯನ ಕೈಯಲ್ಲಿಲ್ಲ. ಇಳಿದ ವಿಮಾನವನ್ನು ಎಷ್ಟು ಬೇಗ ಮತ್ತೆ ಹಾರಿಸಬಹುದು ಎಂಬುದು ಮಾತ್ರ ಬಹುಮಟ್ಟಿಗೆ ಅವನ ಕೈಯಲ್ಲಿದೆ. ಆ ಕೆಲಸಕ್ಕೆ ಎಂಜಿನಿಯರು, ಮೂಟೆ ಇಳಿಸುವವನು, ಎಣ್ಣೆ ತುಂಬುವವನು, ಗಗನಸಖಿ, ಪೈಲಟ್ ಎಲ್ಲರೂ ಒಂದೇ ಮನಸ್ಸಿನಿಂದ ದುಡಿಯಬೇಕು. ಇವರಲ್ಲಿ ಒಬ್ಬನು ತಡಮಾಡಿದರೂ ಎಲ್ಲರಿಗೂ ತಡವಾಗುತ್ತದೆ.

ಅಮೆರಿಕದ ಸೌತ್‌ವೆಸ್ಟ್ ಕಂಪೆನಿಯ ವೃತ್ತಾಂತವು ಇಲ್ಲಿ ನೆನೆಯತಕ್ಕದ್ದು. ೧೯೭೨ರಲ್ಲಿ ಹಣದ ಮುಗ್ಗಟ್ಟಿನಿಂದ ಆ ಕಂಪೆನಿಯು ತನ್ನ ನಾಲ್ಕು ವಿಮಾನಗಳಲ್ಲಿ ಒಂದನ್ನು ಮಾರಬೇಕಾಯಿತು. ನೌಕರರು ಇಳಿದ ವಿಮಾನವನ್ನು ಹತ್ತೇ ನಿಮಿಷಗಳಲ್ಲಿ ಮರಳಿ ಸಿದ್ಧಮಾಡುವುದನ್ನು ರೂಢಿಸಿಕೊಂಡು, ನಾಲ್ಕರ ಕೆಲಸವನ್ನು ಮೂರರಿಂದಲೇ ನಡೆಸಿದರು. ಮರುವರ್ಷ ಕಂಪೆನಿಯು ಲಾಭದಲ್ಲಿ ನೌಕರರಿಗೂ ಪಾಲು ಕೊಡುವ ಏರ್ಪಾಡು ಮಾಡಿತು. ೧೯೭೩ರಿಂದ ೨೦೧೯ರವರೆಗೆ, ಒಂದು ವರ್ಷವೂ ತಪ್ಪದೆ, ಅದಕ್ಕೆ ಲಾಭ ಬಂದಿತು. ಅದೇ ಕಂಪೆನಿಯೂ ೨೦೨೫ರಲ್ಲಿ ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಕಚೇರಿಯ ನೌಕರರನ್ನು ತೆಗೆಯಿತೆಂಬುದನ್ನು ಮರೆಮಾಚಬಾರದು. ಒಳ್ಳೆಯ ಹೆಸರು ಒಮ್ಮೆ ಗಳಿಸಿಟ್ಟರೆ ಮುಗಿಯುವ ಆಸ್ತಿಯಲ್ಲ.

ಇನ್ನು ನಮ್ಮ ಊರಿನ ಮಾತು. ಗೊರೂರಿನ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ೨೦೦೩ರ ಆಗಸ್ಟಿನಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿ, ಸಾಮಾನ್ಯರಿಗೂ ಆಕಾಶದ ಬಾಗಿಲನ್ನು ತೆರೆಯಿತು. ೨೦೦೫ರ ಮೇ ತಿಂಗಳಲ್ಲಿ ವಿಜಯ್ ಮಲ್ಯರ ಕಿಂಗ್‌ಫಿಷರ್ ಬಂದಿತು. ಮುಂದೆ ಡೆಕ್ಕನ್ನನ್ನೂ ತನ್ನೊಳಗೆ ಸೇರಿಸಿಕೊಂಡು, ೨೦೦೮ರಲ್ಲಿ ಲಂಡನ್ನಿಗೂ ಹಾರಿತು. ವೈಭವಕ್ಕೆ ಕೊರತೆಯಿರಲಿಲ್ಲ, ಆದರೆ ಒಂದು ವರ್ಷವೂ ಲಾಭವನ್ನು ಕಾಣಲಿಲ್ಲ. ಸಾಲ ಬೆಳೆಯಿತು, ಸಂಬಳ ತಿಂಗಳುಗಟ್ಟಲೆ ನಿಂತಿತು. ೨೦೧೨ರ ಅಕ್ಟೋಬರಿನಲ್ಲಿ ಎಂಜಿನಿಯರುಗಳೂ ಪೈಲಟ್‌ಗಳೂ ಕೆಲಸಕ್ಕೆ ಬರಲೊಲ್ಲದೆ ಹೋದರು. ೨೦ನೆಯ ತಾರೀಖು ಸರ್ಕಾರದ ವಿಮಾನಯಾನ ಇಲಾಖೆಯು ಕಂಪೆನಿಯ ಪರವಾನಗಿಯನ್ನು ತಡೆಹಿಡಿಯಿತು.

ನೌಕರರ ಮುನಿಸೇ ಕಂಪೆನಿಯನ್ನು ಕೆಡಿಸಿತೆಂದು ನಾವು ಹೇಳುವುದಿಲ್ಲ. ಸಾಲವೂ, ಎಣ್ಣೆಯ ಬೆಲೆಯೂ, ಅಳತೆ ಮೀರಿದ ವಿಸ್ತಾರವೂ ಅದನ್ನು ಮೊದಲೇ ಸೊರಗಿಸಿದ್ದವು. ಆದರೆ ವಿಮಾನವು ಹಾರಲು ಯೋಗ್ಯವೆಂದು ಎಂಜಿನಿಯರನು ರುಜು ಹಾಕದೆ ಅದು ನೆಲ ಬಿಡುವಂತಿಲ್ಲ. ಮನೆಯ ಬಾಡಿಗೆಗೂ ಮಕ್ಕಳ ಫೀಜಿಗೂ ಪರದಾಡುತ್ತಿರುವವನ ಕೈಯಿಂದ ಆ ರುಜುವನ್ನು ಎಷ್ಟು ದಿನ ಪಡೆಯಬಹುದು? ಸಂಬಳ ನಿಂತಮೇಲೆ ಕಂಪೆನಿಯು ಚೇತರಿಸಿಕೊಳ್ಳುವ ಕೊನೆಯ ದಾರಿಯೂ ಮುಚ್ಚಿತು.

ಬಡವಾದ ಕಂಪೆನಿಗೆ ಮಾತ್ರ ಈ ಪಾಠವೆಂದು ತಿಳಿಯಬಾರದು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು ೩೬ ಗಂಟೆಗಳಿಂದ ೪೮ಕ್ಕೆ ಏರಿಸುವ ನಿಯಮವು ೨೦೨೪ರ ಜನವರಿಯಲ್ಲಿಯೇ ಪ್ರಕಟವಾಗಿತ್ತು. ರಾತ್ರಿಯ ಕೆಲಸಕ್ಕೆ ಸಂಬಂಧಿಸಿದ ಅದರ ಎರಡನೆಯ ಕಂತು ೨೦೨೫ರ ನವೆಂಬರ್ ೧ರಂದು ಜಾರಿಗೆ ಬಂದಿತು. ದೇಶದಲ್ಲೆಲ್ಲ ದೊಡ್ಡದಾದ ಇಂಡಿಗೋ ಕಂಪೆನಿಯು ಅದಕ್ಕೆ ತಕ್ಕಷ್ಟು ಸಿದ್ಧವಾಗಿರದೆ, ಡಿಸೆಂಬರಿನಲ್ಲಿ ಸಾವಿರಾರು ಹಾರಾಟಗಳನ್ನು ರದ್ದುಮಾಡಬೇಕಾಯಿತು. ಬೆಂಗಳೂರಿನ ನಿಲ್ದಾಣದಲ್ಲಿಯೂ ಜನರು ಮೂಟೆಗಳ ನಡುವೆ ದಿನವೆಲ್ಲ ಕಾದರು. ಯೋಜನೆಯಲ್ಲಿ ಲೋಪವಾಯಿತೆಂದು ಕಂಪೆನಿಯೇ ಒಪ್ಪಿಕೊಂಡಿತು. ದಣಿದವನಿಗೆ ಕೊಡಬೇಕಾದ ನಿದ್ರೆಯನ್ನು ಲೆಕ್ಕದಲ್ಲಿ ಹಿಡಿಯದವನು ಕಡೆಗೆ ಬಂಡವಾಳದಿಂದಲೇ ಅದನ್ನು ತೀರಿಸಬೇಕಾಗುತ್ತದೆ.

ನೌಕರರ ಕಡೆಯಿಂದಲೂ ಒಂದು ಮಾತುಂಟು. ೨೦೨೨ರ ಜುಲೈ ೨ರಂದು ಅದೇ ಕಂಪೆನಿಯ ಸಿಬ್ಬಂದಿಯಲ್ಲಿ ಅನೇಕರು ಕಾಯಿಲೆಯ ರಜೆ ಹಾಕಿದ್ದರಿಂದ ದೇಶದೊಳಗಣ ಹಾರಾಟಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಡವಾದವು. ಪ್ರಯಾಣಿಕನು ಇದರಲ್ಲಿ ನಿರಪರಾಧಿ. ಆದರೆ ದೂರನ್ನು ನೇರವಾಗಿ ಹೇಳಿಕೊಳ್ಳಲು ಬಾಗಿಲಿಲ್ಲದ ಕಡೆ ಅದು ಹಿತ್ತಲಿನಿಂದ ಹೊರಬರುವುದು ಲೋಕರೂಢಿ. ದೂರನ್ನು ಕಾಲಕ್ಕೆ ಕೇಳುವುದು ಒಡೆಯನಿಗೆ ಧರ್ಮ ಮಾತ್ರವಲ್ಲ, ಅಗ್ಗವಾದ ವ್ಯಾಪಾರವೂ ಹೌದು.

ಇಂತಹ ಕೆಲಸದಲ್ಲಿ ಮಕ್ಕಳಿರುವ ಗೃಹಸ್ಥರು ಕೆಲವು ಸಂಗತಿಗಳನ್ನು ಮನಸ್ಸಿನಲ್ಲಿಡಬೇಕು. ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ತಿಂಗಳ ಸಂಬಳವು ಮರುತಿಂಗಳ ಏಳನೆಯ ತಾರೀಖಿನೊಳಗೆ ಸಲ್ಲಬೇಕು. ಈ ದಿನವು ಮತ್ತೆ ಮತ್ತೆ ತಪ್ಪಿದರೆ ಕಂಪೆನಿಯ ಆರೋಗ್ಯ ಕೆಟ್ಟಿದೆಯೆಂದು ತಿಳಿದು, ಹೊಸ ಸಾಲಕ್ಕೆ ಕೈಹಾಕಬಾರದು. ಪ್ರಾವಿಡೆಂಟ್ ಫಂಡಿನ ಹಣ ಜಮೆಯಾಗಿದೆಯೇ ಎಂದು ತಿಂಗಳು ತಿಂಗಳೂ ನೋಡಬೇಕು. ಸಂಬಳದಲ್ಲಿ ಮುರಿದ ಆದಾಯ ತೆರಿಗೆಯು ಸರ್ಕಾರಕ್ಕೆ ಸಂದಿದೆಯೇ ಎಂಬುದನ್ನೂ ಪರಿಶೀಲಿಸಬೇಕು. ಕಿಂಗ್‌ಫಿಷರ್ ಮುರಿದ ತೆರಿಗೆಯನ್ನು ಕಟ್ಟದೆ ಹೋದುದರಿಂದ ಅದರ ನೌಕರರು ಇಲಾಖೆಗೆ ಉತ್ತರ ಹೇಳಬೇಕಾಯಿತು. ಕೆಲವು ತಿಂಗಳ ಖರ್ಚನ್ನು ಮುಟ್ಟದೆ ತೆಗೆದಿರಿಸುವುದು ಎಲ್ಲಕ್ಕಿಂತ ಮೇಲು. ಕೆಂಗೇರಿಯಿಂದ ದೇವನಹಳ್ಳಿಗೆ ನಗರವನ್ನೇ ದಾಟಿ ಹೋಗಿ, ರಾತ್ರಿಪಾಳಿ ಮುಗಿಸಿ ಬಂದವರನ್ನು ಹಗಲಿನಲ್ಲಿ ಅಂಗಡಿಗೆ ಕಳುಹಿಸದೆ ಮಲಗಲು ಬಿಡುವುದೂ ಮನೆಯವರ ಕರ್ತವ್ಯವೇ.

ಕಡೆಯದಾಗಿ ಒಂದು ಅರಿಕೆ. ವಿಮಾನ ಕಂಪೆನಿಯ ಒಡೆಯರನ್ನು ವಿಮರ್ಶಿಸುವ ನಾವೂ ನಮ್ಮ ಮನೆಗಳಲ್ಲಿ ಒಡೆಯರೇ. ಪಾತ್ರೆ ತೊಳೆಯಲು ಬರುವ ಹೆಂಗಸಿಗೆ ತಿಂಗಳ ಮೊದಲಲ್ಲಿಯೇ ಸಂಬಳ ಮುಟ್ಟುತ್ತಿದೆಯೆ? ವಾರದಲ್ಲಿ ಒಂದು ದಿನ ಅವಳಿಗೆ ಬಿಡುವುಂಟೆ? ಕಾಯಿಲೆಯೆಂದು ಅವಳು ಹೇಳಿಕಳುಹಿಸಿದಾಗ ನಾವು ಮೊದಲು ಏನು ಅನ್ನುತ್ತೇವೆ? ಇವಕ್ಕೆ ಸಂಕೋಚವಿಲ್ಲದೆ ಉತ್ತರ ಕೊಡಬಲ್ಲ ಮನೆಯು ದೊಡ್ಡ ಕಂಪೆನಿಗಳಿಗೂ ಬುದ್ಧಿ ಹೇಳುವ ಅಧಿಕಾರವನ್ನು ಪಡೆದಿರುತ್ತದೆ.