ನಾಟಿ ಹಸು ಏಕೆ ಸಾಯಲಿಲ್ಲ?

ಮೂರು ದಿನ ಶಾಲೆಗೆ ಬಾರದಿದ್ದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ನಾಲ್ಕನೆಯ ದಿನ ಬಂದು ನನ್ನ ಮೇಜಿನ ಪಕ್ಕ ನಿಂತ. "ಯಾಕಪ್ಪಾ ಬರಲಿಲ್ಲ?" ಎಂದೆ. "ಸೀಮೆ ಹಸು ಸತ್ತುಹೋಯ್ತು ಸಾರ್" ಎಂದ. ಸಾಲ ಮಾಡಿ ತಂದಿದ್ದ ಹಸು. ಡೈರಿಗೆ ಹಾಲು ಹಾಕಿ ಬಂದ ದುಡ್ಡಿನಲ್ಲೇ ಮನೆ ನಡೆಯುತ್ತಿತ್ತು. ಮೈ ಕಾದು, ಮೇವು ಬಿಟ್ಟು, ಮೆಲುಕು ಹಾಕುವುದನ್ನೂ ನಿಲ್ಲಿಸಿ ವಾರದೊಳಗೆ ಮಲಗಿಬಿಟ್ಟಿತಂತೆ. ಪಶುವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಇದು ಉಣ್ಣಿಯಿಂದ ಬರುವ ಥೈಲೇರಿಯಾ ರೋಗವೆಂದು ಹೇಳುವ ಹೊತ್ತಿಗೆ ತಡವಾಗಿತ್ತು.

ಹುಡುಗ ಅಷ್ಟಕ್ಕೇ ನಿಲ್ಲಿಸಲಿಲ್ಲ. "ಅದೇ ಕೊಟ್ಟಿಗೇಲಿ ಅಜ್ಜಿಯ ನಾಟಿ ಹಸುನೂ ಇದೆ ಸಾರ್. ಅದರ ಕಿವಿ ತುಂಬ ಉಣ್ಣಿ. ಅದಕ್ಕೆ ಏನೂ ಆಗಲಿಲ್ಲ, ಯಾಕೆ?"

ವಿಜ್ಞಾನಿಗಳೂ ಕೇಳಿಕೊಂಡ ಪ್ರಶ್ನೆ ಇದು. ಉತ್ತರಕ್ಕೆ ಮೊದಲು ಶತ್ರುವಿನ ಪರಿಚಯವಾಗಲಿ.

ಥೈಲೇರಿಯಾ ಏಕಕೋಶ ಜೀವಿ, ಮಲೇರಿಯಾ ಪರಾವಲಂಬಿಯ ದೂರದ ನೆಂಟ. ಅದು ಉಣ್ಣಿಯ ಜೊಲ್ಲಿನ ಮೂಲಕ ಹಸುವಿನ ಮೈ ಸೇರುತ್ತದೆ. ಮೊದಲು ನುಗ್ಗುವುದು ಬಿಳಿ ರಕ್ತಕಣಗಳಿಗೆ, ಅಂದರೆ ರೋಗದೊಡನೆ ಹೋರಾಡಬೇಕಾದ ಸೈನಿಕರೊಳಕ್ಕೇ! ಒಳಗೆ ಸೇರಿ ಆ ಕಣ ಎಡೆಬಿಡದೆ ಎರಡೆರಡಾಗಿ ಒಡೆಯುವಂತೆ ಮಾಡುತ್ತದೆ. ಕಣದ ಜೊತೆಗೆ ತಾನೂ ಇಬ್ಭಾಗವಾಗುತ್ತದೆ. ಆಗ ಭುಜದ ಮುಂದಿನ ದುಗ್ಧಗ್ರಂಥಿ ಗಡ್ಡೆಯಂತೆ ಊದಿಕೊಳ್ಳುತ್ತದೆ. ಮುಂದೆ ಪರಾವಲಂಬಿ ಕೆಂಪು ರಕ್ತಕಣಗಳಿಗೂ ದಾಟುತ್ತದೆ. ರಕ್ತ ಕಡಿಮೆಯಾಗಿ ಕಣ್ಣಿನ ಒಳಪೊರೆ ಬಿಳಿಚಿಕೊಳ್ಳುತ್ತದೆ.

ಉಣ್ಣಿ ರೋಗ ಹರಡಬಲ್ಲದೆಂದು ತೋರಿಸಿದವರು ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್‌ಬೋರ್ನ್. ದನಗಳ 'ಟೆಕ್ಸಾಸ್ ಜ್ವರ'ದ ಬಗ್ಗೆ ಅವರ ವರದಿ ಪ್ರಕಟವಾದದ್ದು 1893ರಲ್ಲಿ. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡದ್ದು 1897ರಲ್ಲಿ. ಅಂದರೆ ಮನುಷ್ಯನ ಮಲೇರಿಯಾದ ಗುಟ್ಟಿಗೆ ಮೊದಲೇ ದನದ ಜ್ವರದ ಗುಟ್ಟು ರಟ್ಟಾಗಿತ್ತು!

ಈಗ ಹುಡುಗನ ಪ್ರಶ್ನೆಗೆ ಬರೋಣ. ನಾಟಿ ಹಸುವಿನ ಉಳಿವಿಗೆ ಎರಡು ಕಾರಣಗಳಿವೆ. ಒಂದು ಹುಟ್ಟಿನಿಂದ ಬಂದದ್ದು. ನಮ್ಮ ಉಪಖಂಡದ ಸಾಹಿವಾಲ್ ತಳಿಯ ಕರುಗಳಿಗೂ ಹೋಲ್‌ಸ್ಟೀನ್ ಕರುಗಳಿಗೂ ಇದೇ ಸೋಂಕು ತಗುಲಿಸಿ ನೋಡಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಸಾಹಿವಾಲ್ ಕರುಗಳಿಗೆ ರೋಗ ಬಹಳ ಹಗುರವಾಗಿತ್ತು. ಎರಡನೆಯದು ಕಲಿತು ಬಂದದ್ದು. ಎಳೆಯ ಪ್ರಾಯದಲ್ಲೇ ಹುಲ್ಲುಗಾವಲಿನಲ್ಲಿ ಸೋಂಕು ತಗುಲಿ, ಗುಣವಾಗಿ, ನಾಟಿ ದನ ಶತ್ರುವಿನ ಗುರುತು ಹಿಡಿದಿರುತ್ತದೆ. ಹೊರಗಿನಿಂದ ಬಂದ ತಳಿಯ ರಕ್ತವುಳ್ಳ ಸೀಮೆ ಹಸುವಿಗೆ ಹುಟ್ಟಿನ ಬಲ ಕಡಿಮೆ. ಕೊಟ್ಟಿಗೆಯಲ್ಲೇ ಬೆಳೆದದ್ದಾದರೆ ಕಲಿಕೆಯೂ ಇಲ್ಲ. ನಮ್ಮ ಶಿರಂಗಾಲದಿಂದ ಹೊಳೆಯ ಹರಿವಿಗೆ ಎದುರಾಗಿ ಹೋದರೆ ಸಿಗುವ ಕೂಡಿಗೆಯಲ್ಲಿ 1955ರಲ್ಲೇ ರಾಜ್ಯದ ಮೊದಲ ಡೈರಿ ಆರಂಭವಾಯಿತು. ಹಾಲಿಗಾಗಿ ಸೀಮೆ ಹಸುಗಳನ್ನು ಕಟ್ಟಿಕೊಂಡೆವು. ಅವುಗಳ ಈ ದೌರ್ಬಲ್ಯವನ್ನು ಮಾತ್ರ ನಾವು ಅಷ್ಟಾಗಿ ತಿಳಿದುಕೊಳ್ಳಲಿಲ್ಲ.

ಹುಲ್ಲುಗಾವಲು ಕಲಿಸಿದ ಪಾಠವನ್ನು ಅಪಾಯವಿಲ್ಲದೆ ಕಲಿಸಲು ಸಾಧ್ಯವೇ? ಸಾಧ್ಯ. ದಕ್ಷಿಣ ಆಫ್ರಿಕದಲ್ಲಿ ಆರ್ನಾಲ್ಡ್ ಥೈಲರ್ 1910ರ ಸುಮಾರಿಗೆ ಇಂಥದೊಂದು ದಾರಿ ತೋರಿಸಿದ್ದರು. ಅನಾಪ್ಲಾಸ್ಮ ಎಂಬ ಇನ್ನೊಂದು ರಕ್ತರೋಗದ ಸೌಮ್ಯ ಬಗೆಯನ್ನು ದನಗಳಿಗೆ ಚುಚ್ಚಿದರೆ ಉಗ್ರ ಬಗೆಯ ವಿರುದ್ಧ ರಕ್ಷಣೆ ದೊರೆಯುತ್ತಿತ್ತು. ಥೈಲೇರಿಯಾಕ್ಕೆ ಹೆಸರು ಬಂದದ್ದು ಇವರಿಂದಲೇ.

ಥೈಲೇರಿಯಾದಲ್ಲಾದರೋ ಉಗ್ರನನ್ನೇ ಪಳಗಿಸಬೇಕಾಯಿತು. ನಿಮ್ಮ ಮನೆಯಲ್ಲಿ ಅಮ್ಮ ನಿನ್ನೆಯ ಮೊಸರಿನಿಂದ ಒಂದು ಚಮಚ ತೆಗೆದು ಇಂದಿನ ಹಾಲಿಗೆ ಹೆಪ್ಪು ಹಾಕುತ್ತಾರಲ್ಲವೇ? ಹಾಗೆಯೇ ಸೋಂಕು ತಗುಲಿದ ಬಿಳಿ ರಕ್ತಕಣಗಳನ್ನು ಸೀಸೆಯಲ್ಲಿ ಪೋಷಕ ದ್ರವ ಹಾಕಿ ಬೆಳೆಸುತ್ತಾರೆ. ಸೀಸೆ ತುಂಬಿದಂತೆ ಸ್ವಲ್ಪ ತೆಗೆದು ಹೊಸ ಸೀಸೆಗೆ, ಅಲ್ಲಿಂದ ಮತ್ತೊಂದಕ್ಕೆ, ಹೀಗೆ ತಿಂಗಳುಗಟ್ಟಲೆ. ಉಣ್ಣಿಯೂ ಇಲ್ಲದ, ಹಸುವೂ ಇಲ್ಲದ ಈ ಬಾಳಿನಲ್ಲಿ ಪರಾವಲಂಬಿ ತನ್ನ ಕ್ರೌರ್ಯವನ್ನು ಕಳೆದುಕೊಳ್ಳುತ್ತದೆ. ಅದನ್ನು ಕರುವಿಗೆ ಚುಚ್ಚಿದರೆ ರೋಗ ಕಾಣಿಸಿಕೊಳ್ಳುವುದಿಲ್ಲ, ಮೈ ಮಾತ್ರ ಪಾಠ ಕಲಿಯುತ್ತದೆ. ನಮ್ಮಲ್ಲಿ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸಂಸ್ಥೆ ಇಂಥ ಲಸಿಕೆಯನ್ನು 'ರಕ್ಷಾವ್ಯಾಕ್-ಟಿ' ಎಂಬ ಹೆಸರಿನಲ್ಲಿ ತಂದಿತು.

ಆದರೆ ಒಂದು ತೊಡಕುಂಟು. ಈ ಲಸಿಕೆ ಜೀವಂತವಾಗಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಆದ್ದರಿಂದ ಅದನ್ನು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಇಡಬೇಕು. ಹಸುಗಳಿಗೆ ಇಂಜೆಕ್ಷನ್‌ನಲ್ಲಿ ಗರ್ಭ ಕಟ್ಟಿಸಲು ಬರುವವರ ಬಳಿ, ಮುಚ್ಚಳ ತೆಗೆದರೆ ಬಿಳಿ ಹೊಗೆ ಏಳುವ ಪಾತ್ರೆ ಕಂಡಿದ್ದೀರಲ್ಲ, ಅಂಥದರಲ್ಲಿ. ಹೊರತೆಗೆದು ಕರಗಿಸಿದ ಮೇಲೆ ಬೇಗನೆ ಚುಚ್ಚಿಬಿಡಬೇಕು. ಲಸಿಕೆ ಊರೂರಿಗೆ ತಲುಪುವುದು ಕಷ್ಟವಾಗಿರುವುದು ಈ ಕಾರಣದಿಂದಲೇ.

ಇನ್ನೊಂದು ಎಚ್ಚರಿಕೆ. ಈ ಲಸಿಕೆ ಥೈಲೇರಿಯಾ ಅನ್ಯುಲಾಟ ಎಂಬ ಬಗೆಗೆ ಮಾತ್ರ. ಪಕ್ಕದ ಕೇರಳದಲ್ಲಿ ಥೈಲೇರಿಯಾ ಓರಿಯೆಂಟಾಲಿಸ್ ಎಂಬ ಬೇರೆ ಬಗೆಯಿಂದ ಮಿಶ್ರತಳಿ ಹಸುಗಳು ಸತ್ತದ್ದು 2011ರಲ್ಲಿ ವರದಿಯಾಗಿದೆ. ಹಾಗಾಗಿ ಲಸಿಕೆ ಹಾಕಿಸಿದರೂ ಉಣ್ಣಿ ಹತೋಟಿ ಬಿಡುವಂತಿಲ್ಲ. ಜ್ವರ ಬಂದ ಮೊದಲ ದಿನವೇ ರಕ್ತ ಪರೀಕ್ಷೆ ಮಾಡಿಸಿದರೆ ಬುಪಾರ್ವಕ್ವೋನ್ ಎಂಬ ಔಷಧಿಯಿಂದ ಹಸುವನ್ನು ಉಳಿಸಿಕೊಳ್ಳಲು ಸಾಧ್ಯವಿದೆ. ತಡವಾದಷ್ಟೂ ಆಸೆ ಕಡಿಮೆ. ಪೋಷಕರು ತಮ್ಮ ಕರುವಿಗೆ ಲಸಿಕೆ ಬೇಕೇ, ಎಲ್ಲಿ ಸಿಗುತ್ತದೆ ಎಂದು ಪಶು ಆಸ್ಪತ್ರೆಯಲ್ಲಿ ಈಗಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ವಿದ್ಯಾರ್ಥಿಗಳೇ, ನಿಮಗೂ ಒಂದು ಕೆಲಸ. ಈ ಭಾನುವಾರ ನಿಮ್ಮ ಹಸುವಿನ ಕಿವಿಯೊಳಗೆ, ಬಾಲದ ಬುಡದಲ್ಲಿ ಎಷ್ಟು ಉಣ್ಣಿಗಳಿವೆ ಎಣಿಸಿ. ಭುಜದ ಮುಂದೆ ಕೈಯಾಡಿಸಿ ಆರೋಗ್ಯದ ಹಸುವಿನ ಗ್ರಂಥಿ ಎಷ್ಟಿರುತ್ತದೆಂದು ತಿಳಿದುಕೊಳ್ಳಿ. ಚೆನ್ನಾಗಿರುವಾಗ ಮುಟ್ಟಿ ನೋಡಿದವನಿಗೆ ಮಾತ್ರ ಊದಿಕೊಂಡದ್ದು ಗೊತ್ತಾಗುತ್ತದೆ.

ಆ ಹುಡುಗನ ಮನೆಯಲ್ಲಿ ಸತ್ತ ಹಸುವಿನ ಹೆಣ್ಣುಗರು ಉಳಿದಿದೆ. ಐದು ತಿಂಗಳದ್ದು. ಅವನೀಗ ದಿನವೂ ಬೆಳಿಗ್ಗೆ ಅದರ ಭುಜ ಸವರಿ ನೋಡಿ, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡುತ್ತಿದ್ದಾನೆ. ಈ ಸಲದ ವಿಜ್ಞಾನದ ರೆಕಾರ್ಡ್‌ಗೆ ಅದನ್ನೇ ಒಪ್ಪಿಸು ಎಂದಿದ್ದೇನೆ.